ಸಕ್ಕರೆ ಹಾಕದ ಸಿಹಿ

ಮೇ ತಿಂಗಳ ಕೊನೆಯ ಹದಿನೈದು ದಿನ ದಕ್ಷಿಣ ಕನ್ನಡದ ತೋಟದ ಮನೆಗಳಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ. ಮಾವು, ಹಲಸು ಎರಡೂ ಮಳೆಗೆ ಮುಂಚೆ ಒಟ್ಟಿಗೇ ಬರುತ್ತವೆ. ತಿಂದು ಮುಗಿಯದು, ಬಿಟ್ಟರೆ ಉಳಿಯದು. ಹಾಗಾಗಿ ಹಿರಿಯರು ಬಿಸಿಲು, ಉಪ್ಪು ಎಂಬ ಎರಡು ಆಳುಗಳನ್ನು ನಂಬಿಕೊಂಡರು. ಸಕ್ಕರೆಯ ಗೊಡವೆಗೇ ಹೋಗಲಿಲ್ಲ.

ಅಮ್ಮ ಕಾಡುಮಾವಿನ ರಸ ಹಿಂಡಿ, ಚಾಪೆಯ ಮೇಲೆ ಹಾಸಿದ ಬಿಳಿಬಟ್ಟೆಗೆ ತೆಳ್ಳಗೆ ಹೊಯ್ಯುತ್ತಾಳೆ. ಅದು ಒಣಗಿದ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ. ಕೆಲವು ದಿನಗಳ ಖಡಕ್ ಬಿಸಿಲಿಗೆ ಕೈಗಂಟದ, ಮಡಚಿಡಬಹುದಾದ ಮಾಂಬಳ ಸಿದ್ಧ. ಬಲಿತ, ಆದರೆ ಹಣ್ಣಾಗದ ಹಲಸಿನದು ಬೇರೆ ದಾರಿ. ಭರಣಿಯಲ್ಲಿ ಒಂದು ಪದರ ಸೊಳೆ, ಒಂದು ಪದರ ಕಲ್ಲುಪ್ಪು; ಮೇಲೊಂದು ತೊಳೆದ ಕಲ್ಲು. ಸೊಳೆ ತಾನು ಬಿಟ್ಟ ನೀರಿನಲ್ಲೇ ಮುಳುಗುತ್ತದೆ. ಆಟಿಯಲ್ಲಿ ತೆಗೆದು, ನೀರಿನಲ್ಲಿ ನೆನೆಹಾಕಿ ಉಪ್ಪು ಬಿಡಿಸಿದರೆ ಪಲ್ಯಕ್ಕೂ ಆಯಿತು, ರೊಟ್ಟಿಗೂ ಆಯಿತು.

“ಜಾಮ್‌ಗೆ ಅಷ್ಟು ಸಕ್ಕರೆ ಸುರಿಯುತ್ತಾರೆ. ಇದು ಮಾತ್ರ ಹೇಗೆ ಕೆಡುವುದಿಲ್ಲ?” ಎಂದು ಪಿಯುಸಿ ಓದುತ್ತಿದ್ದ ಮಗಳು ಕೇಳಿದಳು. ಉತ್ತರ ಅವಳ ಪಾಠದಲ್ಲೇ ಇತ್ತು. ಆಹಾರ ಕೆಡಿಸುವ ಸೂಕ್ಷ್ಮಜೀವಿಗಳಿಗೆ ನೀರು ಬೇಕು. ಬಿಸಿಲು ನೀರನ್ನು ಆರಿಸುತ್ತದೆ. ಉಪ್ಪು ಆಸ್ಮಾಸಿಸ್‌ನಿಂದ ಹೊರಗೆಳೆಯುತ್ತದೆ. ಜಾಮ್‌ನಲ್ಲಿ ಸಕ್ಕರೆ ಮಾಡುವುದೂ ಇದೇ ಕೆಲಸ. ಮಾವಿನ ಹುಳಿಯೂ ಸ್ವಲ್ಪ ಕಾವಲು ಕಾಯುತ್ತದೆ.

ಈ ಪಾಠ ಮನೆಯ ಜಗಲಿಗೇ ಬಂದದ್ದು ಅಪ್ಪನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ವರ್ಷ. ಲಡ್ಡು, ಹೋಳಿಗೆಗಳನ್ನು ಅವರು ತಕರಾರಿಲ್ಲದೆ ಬಿಟ್ಟರು. ಮಾಂಬಳದ ಡಬ್ಬಿ ಮಾತ್ರ ಬಿಡಲಿಲ್ಲ. “ಇದಕ್ಕೆ ಒಂದು ಚಿಟಿಕೆ ಸಕ್ಕರೆಯೂ ಹಾಕಿಲ್ಲವಲ್ಲ, ಮಾವ” ಎಂದು ಬಂದ ನೆಂಟರೂ ಉಪ್ಪೇರಿಸಿದರು. ಮಗಳು ಪೆನ್ಸಿಲ್ ಹಿಡಿದು ಕೂತಳು. ಮಾವಿನ ತಿರುಳಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ನೀರು, ಸುಮಾರು 14 ಭಾಗ ಹಣ್ಣಿನದೇ ಸಕ್ಕರೆ. ಬಿಸಿಲಿಗೆ ಹೋಗುವುದು ನೀರು. ಸಕ್ಕರೆ ಎಲ್ಲಿಗೂ ಹೋಗುವುದಿಲ್ಲ. ನಾಲ್ಕು ಕಿಲೋ ರಸ ಒಂದು ಕಿಲೋ ಮಾಂಬಳವಾದರೆ ಅದರಲ್ಲಿ ಅರ್ಧ ಕಿಲೋಗೂ ಮಿಕ್ಕಿ ಸಕ್ಕರೆ!

ಅಪ್ಪ ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಆ ಮರ ಅವರ ಅಮ್ಮ ನೆಟ್ಟದ್ದು. ಮೂರನೆಯ ದಿನ ಅವರೇ ಮೊಮ್ಮಗಳನ್ನು ಕರೆದುಕೊಂಡು ಡಾಕ್ಟರರ ಬಳಿ ಹೋದರು, ಲೆಕ್ಕದ ಚೀಟಿಯೂ ಜೇಬಿನಲ್ಲಿತ್ತು. ಪೂರ್ತಿ ಬಿಡಬೇಕಿಲ್ಲ, ಅಪರೂಪಕ್ಕೆ ಚಿಕ್ಕ ತುಂಡು, ಅದೂ ದಿನದ ಊಟದ ಲೆಕ್ಕದೊಳಗೆ ಎಂದರಂತೆ ಡಾಕ್ಟರು. ಉಪ್ಪು ಸೊಳೆಯನ್ನು ಚೆನ್ನಾಗಿ ನೆನೆಸಿ, ನೀರು ಚೆಲ್ಲಿ ಬೇಯಿಸಿ ಎಂಬ ಮಾತೂ ಬಂತು; ಅಪ್ಪನಿಗೆ ರಕ್ತದೊತ್ತಡವೂ ಇದೆಯಲ್ಲ.

ಮಕ್ಕಳನ್ನು ಹಾಸ್ಟೆಲಿಗೆ ಕಳಿಸುವಾಗ ಡಬ್ಬಿ ತುಂಬಿಕೊಡುವ ತಾಯಂದಿರೇ, ಮಾಂಬಳ ಕೊಡಿ, ಖಂಡಿತ ಕೊಡಿ. ಹಣ್ಣಿನ ನಾರು, ಮರದ ರುಚಿ ಎರಡೂ ಅದರಲ್ಲಿವೆ. ಒಂದು ಮಾತು ಮಾತ್ರ: ‘ಸಕ್ಕರೆ ಹಾಕಿಲ್ಲ’ ಎನ್ನುವುದು ಬೇರೆ, ‘ಸಕ್ಕರೆ ಇಲ್ಲ’ ಎನ್ನುವುದು ಬೇರೆ. ಅಂಗಡಿಯ ಪೊಟ್ಟಣಗಳ ಮೇಲೂ ಈ ಮೊದಲನೆಯ ಮಾತು ದಪ್ಪಕ್ಷರದಲ್ಲಿರುತ್ತದೆ. ಮಕ್ಕಳೇ, ಪೊಟ್ಟಣದ ಹಿಂಬದಿ ತಿರುಗಿಸಿ ಓದಿ.

ನಮ್ಮ ಮನೆಯಲ್ಲೀಗ ಡಬ್ಬಿಯ ಯಜಮಾನಿಕೆ ಅಪ್ಪನದೇ. ಹೆಬ್ಬೆರಳಿನಗಲದ ತುಂಡುಗಳನ್ನು ಅವರೇ ಕತ್ತರಿಸುತ್ತಾರೆ. ನೆಂಟರು ಎರಡನೆಯದಕ್ಕೆ ಕೈ ಚಾಚಿದರೆ ಮೊಮ್ಮಗಳ ಲೆಕ್ಕ ಒಪ್ಪಿಸುತ್ತಾರೆ.