ತುಕ್ಕು ಹಿಡಿದ ನದಿ

ಕಬ್ಬಿಣಕ್ಕೆ ತುಕ್ಕು ಹಿಡಿಯುವ ಪಾಠ ಬಂದಾಗ ಮೊಳೆಯ ಉದಾಹರಣೆಯ ಜೊತೆಗೆ ಒಂದು ನದಿಯ ಕಥೆಯನ್ನೂ ಮಕ್ಕಳಿಗೆ ಹೇಳುವುದು ನನ್ನ ರೂಢಿ. ಆ ನದಿ ಡೆನ್ಮಾರ್ಕಿನ ಸ್ಕ್ಯೆರ್ನ್. ಆ ದೇಶದಲ್ಲಿ ಅತಿ ಹೆಚ್ಚು ನೀರು ಹರಿಯುವ ನದಿಯದು. ಪಶ್ಚಿಮ ಕರಾವಳಿಯ ಹಿನ್ನೀರು ಸೇರುವ ಮುನ್ನ ಜೌಗು ಹುಲ್ಲುಗಾವಲಿನ ನಡುವೆ ಅಂಕುಡೊಂಕಾಗಿ ಹರಿಯುತ್ತಿತ್ತು.

ಬೇಸಾಯಕ್ಕೆ ನೆಲ ಬೇಕಾಗಿತ್ತು. 1962ರಿಂದ 1968ರವರೆಗೆ ನದಿಯನ್ನು ಗೆರೆ ಎಳೆದಂತೆ ನೇರ ಮಾಡಿ, ಇಕ್ಕೆಲಗಳಲ್ಲಿ ಏರಿ ಹಾಕಿ, ಪಂಪಿನಿಂದ ನೀರೆತ್ತಿದರು. ಸುಮಾರು 4,000 ಹೆಕ್ಟೇರ್ ಜೌಗು ಹೊಲವಾಯಿತು. ಬೆಳೆಯೂ ಬಂತು.

ಆಮೇಲೆ ರಸಾಯನಶಾಸ್ತ್ರ ತನ್ನ ಕೆಲಸ ಶುರುಮಾಡಿತು. ಆ ಮಣ್ಣಿನಲ್ಲಿ ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕದ ಖನಿಜ, ನೀರಿನಡಿ ತೆಪ್ಪಗೆ ಕುಳಿತಿತ್ತು. ನೀರಿಳಿದು ಗಾಳಿ ತಾಗಿದ್ದೇ ತಡ, ಆಮ್ಲವೂ ಕರಗಿದ ಕಬ್ಬಿಣವೂ ಹೊರಬಂದವು. ಕಬ್ಬಿಣ ಕಾವಿ ಬಣ್ಣದ ಕೆಸರಾಗಿ ನದಿಗಿಳಿಯಿತು. ಇತ್ತ ಬತ್ತಿದ ಮಣ್ಣು ಕುಗ್ಗಿ, ಹೊಲವೇ ತಗ್ಗಿತು.

ಸಾಲ್ಮನ್ ಮೀನು ಸಮುದ್ರದಲ್ಲಿ ಬೆಳೆದು, ಹುಟ್ಟಿದ ನದಿಗೇ ಮರಳಿ, ಜಲ್ಲಿಕಲ್ಲಿನ ಸಂದಿಯಲ್ಲಿ ಮೊಟ್ಟೆಯಿಡುತ್ತದೆ. ಕಲ್ಲುಗಳ ನಡುವೆ ನೀರಾಡಿದರಷ್ಟೇ ಮೊಟ್ಟೆಗೆ ಉಸಿರು. ಕೆಸರು ಮೆತ್ತಿದರೆ ಮರಿಯಿಲ್ಲ.

ಕಡೆಗೆ 1987ರಲ್ಲಿ ಅಲ್ಲಿನ ಸಂಸತ್ತು ನದಿಯನ್ನು ಮತ್ತೆ ಡೊಂಕು ಮಾಡಲು ತೀರ್ಮಾನಿಸಿತು. 1999ರಿಂದ 2002ರವರೆಗೆ ಏರಿ ಒಡೆದು, ಹೊಸ ಪಾತ್ರ ತೋಡಿದರು. ಸುಮಾರು 19 ಕಿ.ಮೀ. ಕಾಲುವೆ 26 ಕಿ.ಮೀ. ನದಿಯಾಯಿತು, 2,200 ಹೆಕ್ಟೇರ್ ನೆಲ ನದಿಯ ಪಾಲಿಗೆ ಮರಳಿತು.

‘ಹಾಗಾದರೆ ಎರಡು ಸಲ ದುಡ್ಡು ದಂಡವಲ್ಲವೇ ಸಾರ್?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಿಜ. ಆದರೆ ಮೊದಲ ಲೆಕ್ಕದಲ್ಲಿ ಡೊಂಕಿನ ದುಡಿಮೆ ಸೇರಿರಲಿಲ್ಲ. ತಿರುವಿನ ಹೊರಮೈಯಲ್ಲಿ ನೀರು ಕೊರೆದು ಮಡುವಾಗುತ್ತದೆ, ಒಳಮೈಯಲ್ಲಿ ಮರಳು, ಜಲ್ಲಿ ನಿಲ್ಲುತ್ತದೆ. ಮೀನಿಗೆ ಅಡಗಲು ಒಂದು, ಮೇಯಲು ಇನ್ನೊಂದು. ನೆರೆ ಬಂದರೆ ಹುಲ್ಲುಗಾವಲು ನೀರನ್ನು ಹಿಡಿದಿಟ್ಟು, ಕೆಸರನ್ನು ತಾನು ಉಳಿಸಿಕೊಳ್ಳುತ್ತದೆ.

ದುಡ್ಡು ಚೆಲ್ಲಿದರೆ ಡೊಂಕು ಮರಳಿ ಬರುತ್ತದೆ, ತಳಿ ಬರುವುದಿಲ್ಲ. ಅಳಿದುಳಿದ ಮೀನುಗಳು ಆ ನದಿಯ ಮೂಲ ತಳಿಯವೇ ಎಂಬ ಸಂಶಯವಿತ್ತು. ಹಿಂದಿನವರು ಕೂಡಿಟ್ಟಿದ್ದ ಹಳೆಯ ಹುರುಪೆಗಳ ಡಿಎನ್‌ಎಯೊಂದಿಗೆ ಹೋಲಿಸಿ ನೋಡಿದಾಗ ಹೌದೆಂದು ತಿಳಿಯಿತು. ಅವುಗಳಿಂದಲೇ ಮರಿ ಮಾಡಿಸಿ ಬಿಟ್ಟರು, ಹಿಡಿಯುವುದಕ್ಕೆ ಮಿತಿ ಹಾಕಿದರು. ಸಂಖ್ಯೆ ನೂರರಿಂದ ಸಾವಿರಗಳಿಗೆ ಏರಿತು.

ಆ ಕೆಲವು ಮೀನುಗಳೂ ಅಳಿದಿದ್ದರೆ, ಇಪ್ಪತ್ತಾರು ಕಿಲೋಮೀಟರಿನ ಡೊಂಕಿಗೆ ಮರಳಿ ಬರುವವರು ಯಾರಿರುತ್ತಿದ್ದರು?