ಸ್ಥೂಲಕಾಯರ ಸಕುಟುಂಬ ಪ್ರವಾಸ

ಪ್ರವಾಸವನ್ನು ಕುರಿತು ಬರೆಯುವವರು ನೋಡತಕ್ಕ ಸ್ಥಳಗಳನ್ನು ಬಗೆಬಗೆಯಾಗಿ ವರ್ಣಿಸುವರೇ ಹೊರತು, ಕುಳಿತುಕೊಳ್ಳತಕ್ಕ ಸ್ಥಳವನ್ನು ಕುರಿತು ಒಂದು ಮಾತನ್ನೂ ಆಡುವುದಿಲ್ಲ. ತೆಳುಮೈಯವರಿಗೆ ಇದರಿಂದ ತೊಂದರೆಯೇನೂ ಇಲ್ಲ. ಎಲ್ಲಿ ಒಂದು ಗೇಣು ಜಾಗ ಸಿಕ್ಕಿದರೂ ಅವರು ಒರಗಿಕೊಂಡು ಊರು ಮುಟ್ಟುವರು. ದೇವರು ಕೊಟ್ಟ ಶರೀರ ತುಸು ಧಾರಾಳವಾಗಿದ್ದು, ಸೊಂಟದ ಮೇಲೊಂದು ಕೂಸು, ಕೈಬೆರಳು ಹಿಡಿದ ಇನ್ನೊಂದು ಮಗು ಇರುವ ಗೃಹಸ್ಥರಿಗಾದರೋ ‘ಏನು ನೋಡೋಣ’ ಎಂಬುದಕ್ಕಿಂತ ಮುಂಚೆ ‘ಎಲ್ಲಿ ಕೂರೋಣ, ಎಲ್ಲಿ ಮಲಗೋಣ’ ಎಂಬ ಪ್ರಶ್ನೆಯೇ ಎದುರು ನಿಲ್ಲುತ್ತದೆ.

ವಿಹಾರದ ಹಡಗುಗಳಲ್ಲಿ ಸಮುದ್ರಯಾನ ಮಾಡುವವರು ಈಗ ನಮ್ಮವರಲ್ಲಿಯೂ ಉಂಟು. ಅವರೂ ತಿಂಗಳುಗಟ್ಟಲೆ ಮುಂಚಿತವಾಗಿ ವಿಚಾರಿಸುವುದು ಹಡಗಿನ ಕೊಠಡಿಯ ಅಳತೆಯನ್ನೇ. ನಮ್ಮ ಮಂಡ್ಯದ ಸೀಮೆಗೆ ಸಮುದ್ರವಿಲ್ಲ, ನಿಜ. ಆದರೆ ಹಡಗಿನ ಕೊಠಡಿಯಲ್ಲಿ ಹುಟ್ಟುವ ಪ್ರಶ್ನೆಯೇ ಇಲ್ಲಿ ರೈಲಿನ ಆಸನದಲ್ಲಿ, ಬಸ್ಸಿನ ಸೀಟಿನಲ್ಲಿ, ವಸತಿಗೃಹದ ಮಂಚದಲ್ಲಿ, ಕಾವೇರಿಯ ಹರಿಗೋಲಿನಲ್ಲಿ ಹುಟ್ಟುತ್ತದೆ. ಶಿವರಾತ್ರಿಗೆ ಕೆಲವು ದಿನ ಮುಂಚೆ ನಾವು ದಂಪತಿಗಳು, ಆರು ವರ್ಷದ ಮಗಳನ್ನೂ ಹತ್ತು ತಿಂಗಳ ಮಗನನ್ನೂ ಕರೆದುಕೊಂಡು ಮದ್ದೂರು, ಮಂಡ್ಯ, ಮಳವಳ್ಳಿಗಳ ಕಡೆ ನಾಲ್ಕು ದಿನ ಸಂಚರಿಸಿ ಬಂದೆವು. ನಮ್ಮಿಬ್ಬರ ತೂಕವನ್ನು ಇಲ್ಲಿ ಹೇಳಬೇಕಾದುದಿಲ್ಲ. ಇಬ್ಬರೂ ಒಟ್ಟಿಗೆ ಕುಳಿತರೆ ಮೂವರ ಸೀಟು ತುಂಬುವುದೆಂದರೆ ಸಾಕು.

ಈ ಪ್ರವಾಸಕ್ಕೆ ಒಂದು ಹಿನ್ನೆಲೆಯುಂಟು. ಮೂರು ವರ್ಷಗಳ ಕೆಳಗೆ ಒಂದು ಬಸ್ಸಿನಲ್ಲಿ, ಎರಡು ಟಿಕೆಟು ಕೊಳ್ಳಿರೆಂದು ಯಾರೋ ಹಾಸ್ಯವಾಡಿದರು. ನಾಲ್ಕು ಜನ ನಕ್ಕರು. ಅಂದಿನಿಂದ ನಮ್ಮ ಮನೆಯಾಕೆ ಊರು ಬಿಟ್ಟು ಹೊರಡಲು ಒಲ್ಲೆನೆಂದಳು. ನಕ್ಕವರು ಮುಂದಿನ ನಿಲ್ದಾಣದಲ್ಲಿಯೇ ಇಳಿದು ಹೋದರು. ಅದರ ಫಲವನ್ನು ಅನುಭವಿಸಿದುದು ನಮ್ಮ ಮಗಳು. ಹೊಳೆ ಹೇಗಿರುತ್ತದೆಂಬುದನ್ನು ಆಕೆ ಚಿತ್ರದ ಪುಸ್ತಕದಲ್ಲಿ ಮಾತ್ರ ಕಂಡಿದ್ದಳು. ತಾಯಿತಂದೆಗಳ ಸಂಕೋಚದಿಂದ ಮಕ್ಕಳ ಬಾಲ್ಯ ಮನೆಯ ನಾಲ್ಕು ಗೋಡೆಗಳ ನಡುವೆ ಕಳೆದುಹೋಗುವುದು ಎಷ್ಟೋ ಸಂಸಾರಗಳಲ್ಲಿ ಉಂಟು. ಆದಕಾರಣ ಈ ವಿಷಯವನ್ನು ಮುಚ್ಚಿಡದೆ ಬರೆಯುವುದು ಯುಕ್ತವೆಂದು ತೋರಿತು.

ಬೆಂಗಳೂರು ಮೈಸೂರುಗಳ ನಡುವಣ ರೈಲುದಾರಿ ೧೮೮೨ರ ವೇಳೆಗೆ ಪೂರ್ತಿಯಾಯಿತು. ಮದ್ದೂರು, ಮಂಡ್ಯ ಎರಡೂ ಈ ದಾರಿಯ ಮೇಲಿವೆ, ಮಳವಳ್ಳಿಗೆ ರೈಲಿಲ್ಲ. ರೈಲಿನಲ್ಲಿ ಆಸನಗಳ ತರಗತಿಯನ್ನು ಬೆಲೆಯಿಂದಲ್ಲದೆ ಸಾಲಿನಿಂದಲೂ ತಿಳಿಯತಕ್ಕದ್ದು. ಕಾದಿರಿಸಿದ ಎರಡನೆಯ ದರ್ಜೆಯ ಗಾಡಿಯಲ್ಲಿ ನಡುದಾರಿಯ ಎರಡು ಕಡೆಗೂ ಮೂರು ಮೂರು ಆಸನಗಳಿರುವುದುಂಟು. ಹವಾನಿಯಂತ್ರಿತ ಕುರ್ಚಿಗಾಡಿಯಲ್ಲಿ ಒಂದು ಕಡೆ ಮೂರು, ಇನ್ನೊಂದು ಕಡೆ ಎರಡು. ಶತಾಬ್ದಿ, ವಂದೇ ಭಾರತ್ ರೈಲುಗಳ ಮೇಲಿನ ದರ್ಜೆಯಲ್ಲಿ ಎರಡೂ ಕಡೆ ಎರಡೆರಡು. ಗಾಡಿಯ ಅಗಲ ಒಂದೇ ಆದುದರಿಂದ, ಸಾಲಿನಲ್ಲಿ ಆಸನ ಕಡಮೆಯಾದಷ್ಟೂ ಒಂದೊಂದರ ಅಗಲ ಹೆಚ್ಚುವುದು. ಎತ್ತಲಾಗದ ಕೈಯಾಸರೆಯುಳ್ಳ ಕುರ್ಚಿಗಿಂತ ಕೈಯಾಸರೆಯಿಲ್ಲದ ಉದ್ದನೆಯ ಬೆಂಚು ಎಷ್ಟೋ ವೇಳೆ ನಮ್ಮಂಥವರಿಗೆ ಹಿತ.

ಇನ್ನೊಂದು ಸೂಕ್ಷ್ಮವುಂಟು. ಐದು ವರ್ಷ ತುಂಬದ ಮಗುವಿಗೆ ರೈಲಿನಲ್ಲಿ ಟಿಕೆಟು ಬೇಡ. ಬೇಡವೆಂದರೆ ಆ ಮಗುವಿಗೆ ಆಸನವೂ ಇಲ್ಲವೆಂದರ್ಥ. ಕೂಸು ತೊಡೆಯ ಮೇಲಿರಬೇಕಾಗುತ್ತದೆ. ತೊಡೆಯೇ ಆಸನದ ಅಂಚಿಗೆ ಬಂದಿರುವಾಗ ಕೂಸು ಎಲ್ಲಿ ನಿಲ್ಲಬೇಕು? ಪೂರ್ತಿ ದರವನ್ನು ಕೊಟ್ಟರೆ ಆ ಕೂಸಿಗೂ ಆಸನ ದೊರೆಯುವುದು. ನಾವು ಹಾಗೆಯೇ ಮಾಡಿ ಮೂವರ ಸಾಲೊಂದನ್ನು ಇಡಿಯಾಗಿ ತೆಗೆದುಕೊಂಡೆವು. ಮಗಳಿಗೆ ಆಚೆಯ ಬದಿಯಲ್ಲಿ ಕಿಟಕಿಯ ಸೀಟು. ಆ ಹಣ ವ್ಯರ್ಥವೆಂದು ನೆರೆಯವರು ಹೇಳಿದರು. ಕೂಸು ಮದ್ದೂರಿನವರೆಗೆ ಕೈಕಾಲು ಚಾಚಿ ನಿದ್ರಿಸಿದುದನ್ನು ಅವರು ಕಂಡಿರಲಿಲ್ಲ.

ಮದ್ದೂರಿನಲ್ಲಿ ರೈಲು ನಿಲ್ಲುವುದು ಅಲ್ಪಕಾಲ ಮಾತ್ರ. ಮೈಭಾರವುಳ್ಳವರೂ ಮಕ್ಕಳೊಂದಿಗರೂ ಹಿಂದಿನ ನಿಲ್ದಾಣ ಬಿಟ್ಟೊಡನೆಯೇ ಗಂಟುಮೂಟೆಗಳನ್ನು ಬಾಗಿಲ ಬಳಿಗೆ ಸಾಗಿಸಿ, ಒಬ್ಬರು ಮೊದಲು ಇಳಿದು ಮಕ್ಕಳನ್ನು ಎತ್ತಿಕೊಳ್ಳುವುದು ಲೇಸು. ಶಿಂಷಾ ನದಿಯ ದಡದ ಈ ಊರಿನ ಹೆಸರು ಹೇಳಿದರೆ ಬಾಯಲ್ಲಿ ನೀರೂರುವುದು ವಡೆಗಾಗಿ. ರವೆ, ಮೈದಾ, ಅಕ್ಕಿಹಿಟ್ಟುಗಳನ್ನು ಈರುಳ್ಳಿಯೊಡನೆ ಕಲಸಿ ಚಪ್ಪಟೆಯಾಗಿ ತಟ್ಟಿ ಕರಿದ ಈ ಗರಿಗರಿ ತಿಂಡಿ ೧೯೧೭ರಲ್ಲಿ ಇಲ್ಲಿಯ ರೈಲು ನಿಲ್ದಾಣದಲ್ಲಿಯೇ ಹುಟ್ಟಿತೆಂದು ಹೇಳುವರು. ನಮ್ಮ ಶರೀರದ ಇತಿಹಾಸದಲ್ಲಿ ಇಂಥ ವಡೆಗಳ ಪಾತ್ರವೂ ಇದ್ದೀತು. ಆ ವಿಚಾರಣೆ ಈಗ ಬೇಡ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ನಮ್ಮಂಥ ಸಂಸಾರಗಳಿಗೆಂದೇ ಇರುವಂತಿದೆ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಚಳಿಗಾಲದಿಂದ ಮೊದಲ್ಗೊಂಡು ಬೇಸಗೆಯವರೆಗೆ ಊರೊಳಗಿನ ಹುಣಿಸೆ, ಆಲ ಮೊದಲಾದ ಮರಗಳಲ್ಲಿ ಗೂಡುಕಟ್ಟಿ ಮರಿಮಾಡುವುವು. ೨೦೦೭ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿತು. ಹಕ್ಕಿಗಳನ್ನು ನೋಡಲು ದೋಣಿ ಹತ್ತಬೇಕಾಗಿಲ್ಲ, ಬೆಟ್ಟ ಏರಬೇಕಾಗಿಲ್ಲ. ಬೀದಿಯಲ್ಲಿ ನಿಂತು ತಲೆಯೆತ್ತಿದರೆ ಸಾಕು. ಹಿತ್ತಿಲ ಮರದ ಮೇಲೆ ಹಕ್ಕಿಯ ಬಾಣಂತನ, ಕೆಳಗೆ ಜಗಲಿಯ ಮೇಲೆ ಮನುಷ್ಯರ ಸಂಸಾರ! ನಮ್ಮ ಮಗಳು ತಾಯಿಕೊಕ್ಕರೆ ಮರಿಗೆ ಗುಟುಕು ಕೊಡುವುದನ್ನು ಅರ್ಧ ಗಂಟೆ ಕಣ್ಣು ಮಿಟುಕಿಸದೆ ನೋಡಿದಳು. ಮನೆಯೊಂದರ ಅಜ್ಜಿ ಒಳಗಿನಿಂದ ಚಾಪೆ ತಂದು ಜಗಲಿಗೆ ಹಾಸಿ, “ಕೂತ್ಕೊ ಮಗಳೇ, ಯಾಕ್ ನಿಂತಿದ್ದೀಯ” ಎಂದು ನಮ್ಮಾಕೆಯನ್ನು ಕೂರಿಸಿದಳು. ಜಗಲಿಗೆ ಕೈಯಾಸರೆಯ ಕಾಟವಿಲ್ಲ.

ಅಲ್ಲಿಂದ ಮಂಡ್ಯ. ೧೯೩೯ರಲ್ಲಿ ಜಿಲ್ಲೆಯ ಮುಖ್ಯಪಟ್ಟಣವಾದ ಈ ಊರು ಕಾಲುವೆಯ ನೀರು, ಕಬ್ಬು, ಭತ್ತ, ೧೯೩೩ರಲ್ಲಿ ಆರಂಭವಾದ ಸಕ್ಕರೆ ಕಾರ್ಖಾನೆ ಇವುಗಳಿಂದ ಬೆಳೆದುದು. ನಾವು ತಂಗಲು ಮಂಡ್ಯವನ್ನು ಆರಿಸಿದುದಕ್ಕೆ ಕಾರಣ ಮದ್ದೂರು, ಮಳವಳ್ಳಿ ಎರಡಕ್ಕೂ ಇಲ್ಲಿಂದ ಹೋಗಿ ಸಂಜೆಯೊಳಗೆ ಹಿಂದಿರುಗಬಹುದೆಂಬುದು. ದಿನಕ್ಕೊಂದು ಹೊಸ ಮಂಚಕ್ಕೆ ಮೈಯನ್ನು ಒಗ್ಗಿಸುವ ಕಷ್ಟ ಇದರಿಂದ ತಪ್ಪಿತು.

ಹೊರಡುವ ಮೊದಲು ವಸತಿಗೃಹಕ್ಕೆ ಫೋನು ಮಾಡಿ ಕೇಳಿದೆವು: “ಮಂಚ ಎಷ್ಟು ಅಗಲ ಸ್ವಾಮಿ?”

“ಡಬಲ್ ಕಾಟು ಸಾರ್, ಇಬ್ಬರಿಗೆ ಧಾರಾಳ.”

“ಆ ಇಬ್ಬರು ಎಂಥವರು ಎಂಬುದರ ಮೇಲೆ ಅಲ್ಲವೇ? ದಯವಿಟ್ಟು ಅಳೆದು ಹೇಳಿ.”

ಆತ ನಕ್ಕರೂ ಟೇಪು ತಂದು ಅಳೆದು, ಒಂದು ಕೋಣೆಯ ಮಂಚ ನಾಲ್ಕೂವರೆ ಅಡಿಯೆಂದೂ ಇನ್ನೊಂದರದು ಆರು ಅಡಿಯೆಂದೂ ತಿಳಿಸಿದನು. ಎರಡಕ್ಕೂ ಹೆಸರು ‘ಡಬಲ್’ ಎಂದೇ! ಹೆಸರನ್ನು ನಂಬದೆ ಅಳತೆಯನ್ನು ಕೇಳತಕ್ಕದ್ದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ. ಮಂಚದ ಜೊತೆಗೆ ನಾವು ವಿಚಾರಿಸಿದ ಇತರ ಸಂಗತಿಗಳು ಇವು: ಕೋಣೆ ನೆಲದಂತಸ್ತಿನಲ್ಲಿದೆಯೇ, ಇಲ್ಲವಾದರೆ ಲಿಫ್ಟು ಉಂಟೇ, ಬಚ್ಚಲುಮನೆಯ ಬಾಗಿಲು ಪೂರ್ತಿ ತೆರೆಯುವುದೇ, ಕಮೋಡು ನೆಲದ ಮೇಲೆ ನಿಂತದ್ದೋ ಗೋಡೆಗೆ ತೂಗುಹಾಕಿದ್ದೋ, ಕೈಯಿಲ್ಲದ ಗಟ್ಟಿ ಕುರ್ಚಿ ದೊರೆಯುವುದೇ, ನೆಲಕ್ಕೆ ಹಾಸಲು ಒಂದು ಬೇರೆ ಹಾಸಿಗೆ ಕೊಡುವರೇ.

ಈ ಕೊನೆಯ ಪ್ರಶ್ನೆ ಸೌಕರ್ಯದ್ದಲ್ಲ, ಪ್ರಾಣದ್ದು. ವರ್ಷ ತುಂಬದ ಕೂಸನ್ನು ದೊಡ್ಡವರ ನಡುವೆ ಒಂದೇ ಹಾಸಿಗೆಯಲ್ಲಿ ಮಲಗಿಸಿಕೊಳ್ಳುವುದು ನಮ್ಮ ಮನೆಗಳ ವಾಡಿಕೆ. ಆದರೆ ಕೂಸನ್ನು ತಾಯಿತಂದೆಗಳ ಸಮೀಪದಲ್ಲಿಯೇ, ಬೇರೆಯಾದ, ಸಮತಟ್ಟಾದ, ಗಟ್ಟಿಯಾದ ಹಾಸಿಗೆಯ ಮೇಲೆ ಅಂಗಾತನಾಗಿ ಮಲಗಿಸಬೇಕೆಂದು ಇಂದಿನ ಮಕ್ಕಳ ವೈದ್ಯರು ಹೇಳುವರು. ಮೈಭಾರವುಳ್ಳ ಇಬ್ಬರು ದಿನವೆಲ್ಲ ತಿರುಗಿ ಆಯಾಸದಿಂದ ಗಾಢನಿದ್ರೆ ಮಾಡುವಾಗ, ಇಕ್ಕಟ್ಟಾದ ಮಂಚದಲ್ಲಿ ಕೂಸಿಗೆ ಉಸಿರುಕಟ್ಟುವ ಭಯ ಹೆಚ್ಚು. ನಮ್ಮ ಮಗ ನಾಲ್ಕು ರಾತ್ರಿಯೂ ಮಂಚದ ಪಕ್ಕದಲ್ಲಿ ನೆಲದ ಮೇಲಿನ ತನ್ನದೇ ಹಾಸಿಗೆಯಲ್ಲಿ ಮಲಗಿದನು.

ಮೂರನೆಯ ದಿನ ಮಳವಳ್ಳಿಯ ಕಡೆಗೆ ಹೊರಟೆವು. ಮದ್ದೂರಿನಿಂದ ಮಳವಳ್ಳಿ ಸುಮಾರು ೨೫ ಕಿಲೋಮೀಟರು, ಮಂಡ್ಯದಿಂದಲೂ ದಾರಿಯುಂಟು. ಸಾಮಾನ್ಯ ಬಸ್ಸುಗಳಲ್ಲಿ ಒಂದು ಕಡೆ ಮೂವರ ಸೀಟು, ಇನ್ನೊಂದು ಕಡೆ ಇಬ್ಬರ ಸೀಟು. ಇಬ್ಬರ ಸೀಟಿನಲ್ಲಿ ನಾವಿಬ್ಬರೂ ಕೂರುವುದಕ್ಕಿಂತ, ಒಬ್ಬೊಬ್ಬರು ಒಂದೊಂದು ಮಗುವಿನೊಡನೆ ಬೇರೆ ಬೇರೆ ಸೀಟಿನಲ್ಲಿ ಕೂರುವುದು ಉಚಿತ. ನಾವು ಆ ದಿನ ಬಾಡಿಗೆಯ ಕಾರನ್ನು ಗೊತ್ತುಮಾಡಿಕೊಂಡು, ಸೊಂಟದ ಪಟ್ಟಿ ನಮ್ಮಿಬ್ಬರಿಗೂ ಸುತ್ತಿ ಬರುವುದೇ ಎಂಬುದನ್ನು ಹೊರಡುವ ಮುಂಚೆಯೇ ಪರೀಕ್ಷಿಸಿದೆವು. ಪಟ್ಟಿ ಸಾಲದೆಂದು ಅದನ್ನು ಬಿಡುವುದಾಗಲಿ, ಮುಂದಿನ ಸೀಟಿನಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಳ್ಳುವುದಾಗಲಿ ಸಲ್ಲದು.

ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿಯನ್ನು ಜಲಪಾತದ ಎದುರಿನ ಕಟ್ಟೆಯ ಮೇಲೆ ನಿಂತು ಸುಖವಾಗಿ ನೋಡಬಹುದು. ಮಾಗಿ ಕಳೆದ ಮೇಲೆ ನೀರು ತೆಳುವಾಗಿರುವುದು. ಪೂರ್ಣ ವೈಭವ ಬೇಕಾದವರು ಮಳೆಗಾಲದಲ್ಲಿ ಬರತಕ್ಕದ್ದು. ಆಗ ಕೊಕ್ಕರೆ ಬೆಳ್ಳೂರಿನ ಗೂಡುಗಳು ಬರಿದಾಗಿರುತ್ತವೆ. ಎರಡರಲ್ಲಿ ಒಂದನ್ನು ಆರಿಸಬೇಕು. ೧೯೦೨ರಲ್ಲಿ ಇಲ್ಲಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿ ಹರಿಯಿತೆಂಬುದನ್ನು ಮಗಳಿಗೆ ಹೇಳಿದಾಗ, “ನೀರಿನಿಂದ ದೀಪವೇ?” ಎಂದು ಆಕೆ ನಂಬಲಿಲ್ಲ. ಆಚೆಯ ದಡದ ಭರಚುಕ್ಕಿ ಚಾಮರಾಜನಗರ ಜಿಲ್ಲೆಗೆ ಸೇರಿದ್ದು. ಕೆಳಗಿಳಿಯಲು ಬಹಳ ಮೆಟ್ಟಿಲುಗಳಿವೆ. ಇಳಿದಷ್ಟನ್ನೂ ಕೂಸನ್ನೆತ್ತಿಕೊಂಡು ಹತ್ತಬೇಕೆಂಬುದನ್ನು ನೆನೆದು ನಾವು ಮೇಲಿನಿಂದಲೇ ಕೈಮುಗಿದೆವು. ಇದೇ ತಾಲ್ಲೂಕಿನ ಮುತ್ತತ್ತಿಯಲ್ಲಿ ಹನುಮಂತರಾಯನ ದರ್ಶನ ಮಾಡುವವರು ದಡದಲ್ಲಿಯೇ ನಿಲ್ಲುವುದು ಕ್ಷೇಮ. ಅಲ್ಲಿ ಸುಳಿಗಳಿಗೆ ಸಿಕ್ಕಿ ಮುಳುಗಿದವರು ಅನೇಕರು.

ಕೊನೆಯದು ಹರಿಗೋಲು. ಮಳವಳ್ಳಿಯಿಂದ ಮೈಸೂರು ಜಿಲ್ಲೆಯ ತಲಕಾಡಿಗೆ ಹೋದೆವು. ಅಲ್ಲಿ ಕಾವೇರಿ ಮರಳಿನ ನಡುವೆ ಸೌಮ್ಯವಾಗಿ ಹರಿಯುತ್ತಿತ್ತು. ಬಿದಿರಿನಿಂದ ಹೆಣೆದ ಈ ಗುಂಡನೆಯ ಬುಟ್ಟಿಗೆ ಹಿಂದೆ ಚರ್ಮದ ಹೊದಿಕೆ ಹಾಕುತ್ತಿದ್ದರು; ಈಗ ಪ್ಲಾಸ್ಟಿಕ್ಕಿನ ಹಾಳೆ, ಟಾರು. ಇದಕ್ಕೆ ಹಿಂದುಮುಂದಿಲ್ಲ, ಒಂದೇ ಬದಿಗೆ ಭಾರ ಬಿದ್ದರೆ ಆ ಬದಿ ತಗ್ಗುವುದು. ನಮ್ಮಾಕೆ ದಡದಲ್ಲಿಯೇ ನಿಂತಳು. ಅಂಬಿಗನು ನಮ್ಮಿಬ್ಬರನ್ನೂ ಒಮ್ಮೆ ನೋಡಿ, ನಗದೆ, ಎತ್ತಿನ ಗಾಡಿಗೆ ಹೇರು ಜೋಡಿಸುವವನಂತೆ ಹೇಳಿದನು: “ಅವ್ವಾ, ನೀವು ಇತ್ಲಾಗೆ ಕೂತ್ಕಳಿ. ಸ್ವಾಮ್ಯೋರು ಎದುರ್ಗೆ ಕೂತ್ಕಳ್ಳಿ. ಮಕ್ಳು ಮಧ್ಯದಲ್ಲಿರ್ಲಿ. ಬ್ಯಾರೆ ಜನಾನ ಈ ಸಲ ಹತ್ತುಸ್ಕೊಳ್ಳಾಕಿಲ್ಲ.”

ಆ ಮಾತಿನಲ್ಲಿ ಹಾಸ್ಯವಿರಲಿಲ್ಲ, ಕನಿಕರವೂ ಇರಲಿಲ್ಲ. ತೂಕವೆಂಬುದು ಅವನಿಗೆ ನೀರಿನ ಆಳದಂತೆ, ಗಾಳಿಯ ದಿಕ್ಕಿನಂತೆ, ಲೆಕ್ಕಕ್ಕೆ ಹಿಡಿಯಬೇಕಾದ ಒಂದು ಸಂಗತಿ, ಅಷ್ಟೆ. ನಮ್ಮಾಕೆ ಮರುಮಾತಿಲ್ಲದೆ ಹತ್ತಿದಳು. ತೇಲುವ ಅಂಗಿಗಳನ್ನು ಎದೆಯ ಸುತ್ತಳತೆ ನೋಡಿ ತೊಟ್ಟೆವು. ಮಗಳಿಗೆ ದೊಡ್ಡವರ ಅಂಗಿ ತಲೆಯ ಮೇಲಿನಿಂದ ಜಾರುವುದಾದುದರಿಂದ ಚಿಕ್ಕದನ್ನೇ ಕೇಳಿ ಹಾಕಿದೆವು. ಕೂಸಿಗೆ ತಕ್ಕ ಅಳತೆಯದು ಇರಲಿಲ್ಲ. ಅಂಥಲ್ಲಿ ಕೂಸನ್ನು ನೀರಿಗೆ ಒಯ್ಯಬಾರದು. ಮಗನೊಡನೆ ಒಬ್ಬರು ದಡದಲ್ಲಿ ಉಳಿಯಬೇಕಾಯಿತು. ಅವನನ್ನೆತ್ತಿಕೊಂಡು ನಾವು ಮರಳಿನ ಮೇಲೆ ಕುಳಿತೆವು; ಎದುರಿನ ಜಾಗಕ್ಕೆ ಅಂಬಿಗನು ತನ್ನ ಅಣ್ಣನನ್ನು ಕೂರಿಸಿಕೊಂಡು ಸಮತೂಕ ಮಾಡಿದನು. ಮೂರು ವರ್ಷ ಮನೆ ಬಿಟ್ಟು ಕದಲದಿದ್ದ ತಾಯಿ ಮಗಳೊಡನೆ ನಡುಹೊಳೆಯಲ್ಲಿ ಗಿರ್ರನೆ ಸುತ್ತಿ, ಇಬ್ಬರೂ ಒಂದೇ ದನಿಯಲ್ಲಿ ಕಿರಿಚಿ ನಕ್ಕದ್ದು ದಡದವರೆಗೂ ಕೇಳಿಸಿತು.

ಇನ್ನು ದೂರಪ್ರಯಾಣದ ಮಾತು. ರಾತ್ರಿಯ ರೈಲಿನಲ್ಲಿ ಮಲಗುವ ಹಲಗೆಯ ಅಗಲ ಸಾಮಾನ್ಯವಾಗಿ ೨ ಅಡಿಯ ಆಸುಪಾಸು. ತಾಯಿಯೂ ಕೂಸೂ ಅದರಲ್ಲಿ ಒಟ್ಟಿಗೆ ಮಲಗುವುದು ಕಷ್ಟ. ೨೦೨೨ರ ಮೇ ತಿಂಗಳಲ್ಲಿ ಲಕ್ನೋ ಮೇಲ್ ರೈಲಿನ ಕೆಳಹಲಗೆಗೆ ಕೂಸಿನ ಪುಟ್ಟ ಹಲಗೆಯೊಂದನ್ನು ಜೋಡಿಸಿ ಪ್ರಯೋಗ ಮಾಡಿದರು. ಅನುಕೂಲವಿದ್ದವರಿಗೆ ಹವಾನಿಯಂತ್ರಿತ ಮೊದಲನೆಯ ದರ್ಜೆಯಲ್ಲಿ ಬಾಗಿಲುಳ್ಳ, ನಾಲ್ವರ ಕೊಠಡಿಯುಂಟು. ಹಡಗಿನಲ್ಲಿಯೂ ವಿಚಾರ ಇದೇ: ಕಿಟಕಿಯ ನೋಟಕ್ಕಿಂತ ಮೊದಲು ನೆಲದ ಅಗಲ, ಸ್ನಾನದ ಗೂಡಿನ ಬಾಗಿಲು, ಕೂಸಿನ ತೊಟ್ಟಿಲಿಗೆ ಜಾಗ ಇವನ್ನು ಕೇಳತಕ್ಕದ್ದು. ಗೋಡೆಯಿಂದ ಬಿಚ್ಚುವ ಮೇಲುಹಲಗೆ ಪುಟ್ಟ ಮಕ್ಕಳಿಗೆ ಸಲ್ಲದು. ಒಳಬಾಗಿಲಿನಿಂದ ಕೂಡಿದ ಎರಡು ಕೊಠಡಿಗಳು ದೊರೆತರೆ ಉತ್ತಮ. ಗಾಲಿಕುರ್ಚಿಯವರಿಗೆಂದು ಮಾಡಿದ ವಿಶಾಲ ಕೊಠಡಿಗಳು ಅವರಿಗೇ ಸೇರಿದವು. ಅಂಗವೈಕಲ್ಯವಿಲ್ಲದವರು ಅವನ್ನು ಬಯಸಬಾರದು. ಆರು ತಿಂಗಳಿಗಿಂತ ಎಳೆಯ ಕೂಸನ್ನು ಅನೇಕ ಹಡಗುಗಳಲ್ಲಿ ಹತ್ತಿಸಿಕೊಳ್ಳುವುದೇ ಇಲ್ಲ. ದೀರ್ಘಯಾನಗಳಿಗೆ ಒಂದು ವರ್ಷ ತುಂಬಿರಬೇಕೆಂಬ ನಿಯಮವೂ ಉಂಟು.

ಬಟ್ಟೆ ಕೊಳ್ಳುವಾಗ ಅಳತೆ ಕೊಡಲು ಯಾರೂ ನಾಚುವುದಿಲ್ಲ. ಆಸನ, ಮಂಚ, ಹರಿಗೋಲುಗಳ ವಿಷಯದಲ್ಲಿ ಮಾತ್ರ ನಾಚಿಕೆ ಏಕೆ? ಸಂಕೋಚದಿಂದ ಕೇಳದೆ ಹೊರಟವರ ಇಕ್ಕಟ್ಟು ಮೊದಲು ತಟ್ಟುವುದು ಅವರ ಮಡಿಲಲ್ಲಿರುವ ಮಗುವಿಗೆ. ಆದುದರಿಂದ ತುಂಬುಮೈಯ ತಾಯಂದಿರೇ, ತಂದೆಗಳೇ, ಟೇಪು ಹಿಡಿದು ಧೈರ್ಯವಾಗಿ ಕೇಳಿರಿ. ಕೊಕ್ಕರೆ ಬೆಳ್ಳೂರಿನ ಹಕ್ಕಿಗಳು ಮುಂದಿನ ಚಳಿಗಾಲಕ್ಕೆ ಮರಳಿ ಬರುವುವು. ನಿಮ್ಮ ಮಕ್ಕಳಿಗೆ ಅವನ್ನು ತೋರಿಸುವ ದಿನವನ್ನು ಈಗಲೇ ಪಂಚಾಂಗದಲ್ಲಿ ಗುರುತಿಸಿಡಿರಿ.