ಕಾಳಿಯೊಡನೆ ಕೆರೆಬಿಳಚಿಗೆ

ವಿಶ್ರಾಂತಿವೇತನ ಪಡೆಯುವ ಉಪಾಧ್ಯಾಯನಿಗೆ ಎರಡು ಪದಾರ್ಥಗಳು ಧಾರಾಳವಾಗಿ ದೊರೆಯುತ್ತವೆ: ಒಂದು ಬಿಡುವು, ಇನ್ನೊಂದು ವೈದ್ಯರ ಉಪದೇಶ. "ದಿನಕ್ಕೊಂದು ಹರದಾರಿಯಾದರೂ ನಡೆಯಿರಿ" ಎಂದು ವೈದ್ಯರು ಅಪ್ಪಣೆ ಕೊಟ್ಟರು. ಒಬ್ಬರೇ ನಡೆಯುವುದು ಬೇಸರ. ಸಮವಯಸ್ಕರೊಡನೆ ನಡೆದರೋ ನಡಿಗೆಗಿಂತ ಮಂಡಿನೋವಿನ ಮಾತೇ ಹೆಚ್ಚು. ಹೀಗಿರಲು ನಮಗೆ ಒದಗಿದ ಸಹಚಾರಿಣಿ ಮಾತನ್ನೇ ಆಡದವಳು. ಅವಳ ಹೆಸರು ಕಾಳಿ; ಜಾತಿಯಲ್ಲಿ ಊರನಾಯಿ; ಬಣ್ಣದಲ್ಲಿ ಹೆಸರಿಗೆ ತಕ್ಕವಳು.

ಅವಳನ್ನು ಮರಿಯಾಗಿ ತಂದವನು ನಮ್ಮ ಮೊಮ್ಮಗ. ಅವನು ಓದಿಗೆಂದು ಬೆಂಗಳೂರಿಗೆ ಹೋದ. ನಾಯಿ ನಮ್ಮ ಪಾಲಿಗೆ ಉಳಿಯಿತು. ನಾವು ಹುಟ್ಟಿ ಬೆಳೆದ ಮನೆಯಲ್ಲಿ ನಾಯಿ ಹೊಸ್ತಿಲು ದಾಟುವಂತಿರಲಿಲ್ಲ. ಅದು ಮೈಗೆ ಸೋಕಿದರೆ ಸ್ನಾನವೇ ಗತಿ. ಆ ಸಂಸ್ಕಾರ ಅರವತ್ತು ವರ್ಷಕ್ಕೆ ಸುಲಭವಾಗಿ ಕಳಚುವಂಥದಲ್ಲ. ಆದುದರಿಂದ ಕಾಳಿಗೆ ಅನ್ನ ಹಿತ್ತಲಿನಲ್ಲಿ, ಹಾಸಿಗೆ ಹೊರಜಗಲಿಯಲ್ಲಿ ಎಂದು ನಿಯಮವಾಯಿತು. ಹೆಸರನ್ನು ಮಾತ್ರ ನಾವೇ ಕೊಟ್ಟೆವು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಶಾಸನವೊಂದುಂಟು. ಮಣಲೇರನೆಂಬ ವೀರನ ಪರಾಕ್ರಮಕ್ಕೆ ಮೆಚ್ಚಿದ ಒಡೆಯನು ಬೇಕಾದುದನ್ನು ಬೇಡೆನ್ನಲು, ಅವನು ಊರುಕೇರಿಗಳನ್ನು ಕೇಳದೆ ಕಾಳಿಯೆಂಬ ಬೇಟೆನಾಯಿಯನ್ನು ಕೇಳಿದನಂತೆ. ಮುಂದೆ ಆ ನಾಯಿ ದೊಡ್ಡದೊಂದು ಹಂದಿಯೊಡನೆ ಹೋರಾಡಿತು, ಎರಡೂ ಮಡಿದವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷಗಳ ಹಿಂದಿನ ಕನ್ನಡಿಗರು ನಾಯಿಗೆ ಕೊಟ್ಟ ಮರ್ಯಾದೆಯ ಪಾಠವನ್ನು ಮಕ್ಕಳಿಗೆ ನಾವು ಎಷ್ಟೋ ಸಲ ಹೇಳಿದ್ದೆವು. ಹೇಳುವುದು ಬೇರೆ, ಕಲಿಯುವುದು ಬೇರೆ ಎಂಬುದು ತಿಳಿದದ್ದು ಕೆರೆಬಿಳಚಿಯಲ್ಲಿ.

ಕೆರೆಬಿಳಚಿ ಚನ್ನಗಿರಿ ತಾಲ್ಲೂಕಿನ ಗ್ರಾಮ. ತಾಲ್ಲೂಕು ಮೊದಲು ಶಿವಮೊಗ್ಗಕ್ಕೆ ಸೇರಿದ್ದು, 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಇತ್ತ ಬಂತು. ಅಲ್ಲಿ ಅಡಕೆಯ ತೋಟ ಮಾಡಿಕೊಂಡಿರುವ ನಮ್ಮ ಹಳೆಯ ಶಿಷ್ಯನೊಬ್ಬನು ಬಹುದಿನದಿಂದ ಕರೆಯುತ್ತಿದ್ದನು. "ನಾಯಿಯನ್ನೂ ಕರೆತನ್ನಿ, ಮೇಷ್ಟ್ರೇ, ತೋಟದಲ್ಲಿ ಜಾಗಕ್ಕೇನು ಬರವೇ?" ಎಂದು ತನ್ನ ಕಾರನ್ನೇ ತಂದನು. ಮಳೆಗಾಲ ಕಳೆದು ಚಳಿ ಇನ್ನೂ ಎಳೆಯದಾಗಿದ್ದ ಕಾಲ. ಮೂರು ದಿನದ ಮಟ್ಟಿಗೆ ಹೊರಟೆವು.

ಈ ಊರಿನ ಹೆಸರಿನಲ್ಲಿಯೇ ಕೆರೆ ಇದೆ. ಅದು ಸಾಮಾನ್ಯವಾದ ಕೆರೆಯಲ್ಲ. ಸೂಳೆಕೆರೆ, ಈಗಿನ ಹೆಸರಿನಲ್ಲಿ ಶಾಂತಿಸಾಗರ. ಹರಿದ್ರಾ ಹೊಳೆಗೆ ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಕಟ್ಟಿದ ಈ ಏರಿಯ ಉದ್ದ ಸಾವಿರ ಅಡಿಗೂ ಕಡಮೆ. ಅದು ತಡೆದಿರುವ ನೀರೋ ತುಂಬಿದಾಗ ಆರು ಸಾವಿರ ಎಕರೆಗೂ ಮಿಕ್ಕಿ ಹರಡುತ್ತದೆ. ಸುತ್ತಳತೆ ಸುಮಾರು 50 ಕಿಲೋಮೀಟರು. ಕಟ್ಟಿದ್ದು 12ನೆಯ ಶತಮಾನದಲ್ಲೆಂದು ಹೇಳುವರು. ಶಾಂತವ್ವೆಯೆಂಬ ರಾಜಪುತ್ರಿ ಕಟ್ಟಿಸಿದಳೆಂದೂ, ಕೆರೆಗೆ ಬೇಕಾದ ನೆಲ ಸೂಳೆಯರದಾಗಿತ್ತೆಂದೂ, ಅವರ ಮಾತಿನಂತೆ ಕೆರೆಗೆ ಆ ಹೆಸರು ನಿಂತಿತೆಂದೂ ಜನ ಕಥೆ ಹೇಳುತ್ತಾರೆ. ಕಥೆ ಹೇಗಾದರೂ ಇರಲಿ. ನೆಲ ಬಿಟ್ಟುಕೊಟ್ಟವರ ಹೆಸರನ್ನು, ಕಿವಿಗೆ ಹಿತವಿರಲಿ ಇಲ್ಲದಿರಲಿ, ನಾಡು ಇಷ್ಟು ಕಾಲ ಉಳಿಸಿಕೊಂಡಿತಲ್ಲ, ಅದು ಸಣ್ಣ ಸಂಗತಿಯಲ್ಲ.

ಮೊದಲನೆಯ ದಿನ ಬೆಳಗ್ಗೆ ಏರಿಯ ಕಡೆಗೆ ನಡೆದೆವು. ಊರಿನ ಬೀದಿಯಲ್ಲಿ ಕಾಳಿಯನ್ನು ಕಂಡೊಡನೆ ಸ್ಥಳದ ನಾಯಿಗಳು ನಾಲ್ಕೈದು ಎದ್ದುಬಂದವು. ಅವು ಬೊಗಳುತ್ತ ನಮ್ಮ ಜೊತೆಯಲ್ಲಿಯೇ ನಡೆದು, ಒಂದು ಹುಣಿಸೆಯ ಮರದ ಬಳಿ, ಅಲ್ಲಿ ಬಾಂದುಗಲ್ಲು ನೆಟ್ಟಿದೆಯೋ ಎಂಬಂತೆ, ಒಟ್ಟಿಗೆ ನಿಂತುಬಿಟ್ಟವು. ಮರದಾಚೆ ಬೇರೊಂದು ತಂಡದ ರಾಜ್ಯ. ಕಾಳಿ ಬಾಲವನ್ನು ತಗ್ಗಿಸಿ, ಯಾರ ಮುಖವನ್ನೂ ದಿಟ್ಟಿಸದೆ, ಪರಸ್ಥಳಕ್ಕೆ ಬಂದ ನೆಂಟಳಂತೆ ನಯವಾಗಿ ಹಾದುಹೋದಳು. ಊರಿಂದೂರಿಗೆ ಹೋಗುವ ಮನುಷ್ಯರಿಗೂ ಇಷ್ಟು ವಿವೇಕವಿದ್ದರೆ ಎಷ್ಟೋ ಜಗಳಗಳು ತಪ್ಪುತ್ತಿದ್ದವು. ನಾವು ಮಾತ್ರ ಕೋಲೆತ್ತಲಿಲ್ಲ, ಓಡಲಿಲ್ಲ; ಹಗ್ಗವನ್ನು ಗಿಡ್ಡವಾಗಿ ಹಿಡಿದು ಮೆಲ್ಲನೆ ನಡೆದೆವು. ಇದು ನಾಯಿಯೊಡನೆ ಹೋಗುವವರಿಗೆ ಮೊದಲನೆಯ ಸೂತ್ರ.

ಏರಿಯ ಮೇಲೆ ನಿಂತಾಗ ಒಂದು ಪಕ್ಕದಲ್ಲಿ ಗುಡ್ಡದ ಬುಡದವರೆಗೆ ನೀರು. ಇನ್ನೊಂದು ಪಕ್ಕದಲ್ಲಿ ಬತ್ತದ ಗದ್ದೆ, ಅಡಕೆಯ ತೋಟಗಳ ಹಸುರು. ಆ ಹಸುರಿಗೆ ನೀರುಣಿಸುವ ಹಳೆಯ ತೂಬುಗಳೆರಡು. ಅವಕ್ಕೆ ಸಿದ್ಧ, ಬಸವ ಎಂದು ಹೆಸರು. ಅಣೆಕಟ್ಟಿನ ಶಾಸ್ತ್ರವನ್ನು ಓದದ ಕಾಲದಲ್ಲಿ ಕಟ್ಟಿದವರು ತೂಬಿಗೂ ಮನೆಯ ಮಗುವಿಗೆ ಇಡುವಂತೆ ಹೆಸರಿಟ್ಟರು! ಹೊಳೆ ಕಣಿವೆಯಲ್ಲಿ ಬಡಗ ಮುಖವಾಗಿ ಹೋಗಿ ಹರಿಹರದಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಹರಿದ್ರಾ ಎಂದರೆ ಅರಿಶಿನ; ಮಂಗಳಕರವಾದ ಹೆಸರು.

ನೀರಂಚಿನ ಬಯಲಿನಲ್ಲಿ ಟಿಟ್ಟಿಭಗಳು ಕೂಗಿಕೊಂಡು ಎದ್ದವು. ತನ್ನ ಮೊಟ್ಟೆಗಳನ್ನು ಒಯ್ದ ಸಮುದ್ರದ ಮೇಲೆಯೇ ಪೌರುಷ ತೋರಹೊರಟ ಟಿಟ್ಟಿಭದ ಕಥೆಯನ್ನು ಪಂಚತಂತ್ರದಲ್ಲಿ ಓದದವರಾರು? ಈ ಹಕ್ಕಿಗೆ ಗೂಡೆಂಬುದಿಲ್ಲ. ಬರಿಯ ನೆಲದ ಮೇಲೆ ಮೊಟ್ಟೆಯಿಡುತ್ತದೆ. ಬಿಟ್ಟ ನಾಯಿ ಇಂತಹ ಬಯಲಿನಲ್ಲಿ ಆಟಕ್ಕೆ ಓಡಿದರೂ ಹಕ್ಕಿಗೆ ಅದು ಪ್ರಾಣಸಂಕಟ. ಕಾಳಿ ಕಿವಿ ನಿಮಿರಿಸಿ ಹಗ್ಗವನ್ನು ಜಗ್ಗಿದಳು. ನಾವು ಬಿಡಲಿಲ್ಲ.

ಎರಡನೆಯ ದಿನ ಸಿದ್ಧೇಶ್ವರಸ್ವಾಮಿಯ ಗುಡ್ಡ. ಬಿಸಿಲು ಏರುವ ಮೊದಲೇ ಹತ್ತಿದೆವು. ಕಲ್ಲು ಕಾಯ್ದರೆ ಮನುಷ್ಯನಿಗೆ ಕೆರವುಂಟು, ನಾಯಿಗೆ ಅಂಗಾಲೇ ಕೆರ. ದಾರಿಯಲ್ಲಿ ಕುರಿಮಂದೆ ಎದುರಾಯಿತು. ನಾವು ಬದಿಗೆ ಸರಿದು, ಕಾಳಿಯನ್ನು ಕಾಲ ಸಂದಿನಲ್ಲಿ ಕೂರಿಸಿಕೊಂಡು ಮಂದೆ ದಾಟುವವರೆಗೆ ಕಾದೆವು. ಕುರಿಗಾಹಿಯು ನಕ್ಕು, "ನಿಮ್ಮಂಗೆ ನಿಂತ್ಕಂಡರೆ ಯಾರಿಗೇನು ತೊಂದರೆ ಸಾಮಿ? ಸಂಜೆ ಮಾತ್ರ ಇತ್ತ ಬರಬ್ಯಾಡಿ. ಚಿರತೆಗೆ ನಾಯಿ ಅಂದರೆ ಬಲು ಇಷ್ಟ" ಎಂದು ಎಚ್ಚರಿಸಿದನು.

ದೇವಸ್ಥಾನದ ಬಳಿ ಕಾಳಿಯನ್ನು ನೆರಳಿನಲ್ಲಿ ಮರಕ್ಕೆ ಕಟ್ಟಿ, ನೀರಿಟ್ಟು, ನಾವು ಒಳಗೆ ಹೋದೆವು. ಅವಳು ಕೂಗಲಿಲ್ಲ; ಬಾಗಿಲನ್ನೇ ನೋಡುತ್ತ ಕುಳಿತಳು. ಕೈಮುಗಿದು ನಿಂತಿದ್ದಾಗ ಮಹಾಪ್ರಸ್ಥಾನದ ಕಥೆ ನೆನಪಾಯಿತು. ತಮ್ಮಂದಿರೂ ದ್ರೌಪದಿಯೂ ದಾರಿಯಲ್ಲಿ ಬಿದ್ದಮೇಲೆ ಧರ್ಮರಾಜನ ಹಿಂದೆ ಉಳಿದದ್ದು ಒಂದು ನಾಯಿ. ನಾಯಿಯುಳ್ಳವರಿಗೆ ಸ್ವರ್ಗದಲ್ಲಿ ಸ್ಥಳವಿಲ್ಲ, ಬಿಟ್ಟು ರಥವನ್ನೇರೆಂದು ಇಂದ್ರನು ಹೇಳಲು, ನಂಬಿ ಬಂದುದನ್ನು ಬಿಟ್ಟು ಬರುವ ಸ್ವರ್ಗ ತನಗೆ ಬೇಡವೆಂದನು ಆ ಮಹಾನುಭಾವ. ಮೂವತ್ತೈದು ವರ್ಷ ಈ ಪ್ರಸಂಗವನ್ನು ತರಗತಿಯಲ್ಲಿ ಕಣ್ಣು ತುಂಬಿ ಹೇಳಿದ್ದೇವೆ. ದೇವಸ್ಥಾನದ ಕಟ್ಟಳೆ ಬೇರೆ. ಅದನ್ನು ಮೀರಬೇಕೆಂದು ನಮ್ಮ ಅಭಿಪ್ರಾಯವಲ್ಲ. ನಮ್ಮ ಪರೀಕ್ಷೆ ದೇವರ ಬಾಗಿಲಿನಲ್ಲಿ ಇರಲೂ ಇಲ್ಲ. ಮಾರನೆಯ ದಿನ ನಾಲೆಯ ದಡದಲ್ಲಿ ಕಾದಿತ್ತು.

ಲಕ್ಕವಳ್ಳಿಯ ಭದ್ರಾ ಜಲಾಶಯದ ಬಲದಂಡೆ ನಾಲೆಯ ಕವಲುಗಳು ಈ ತಾಲ್ಲೂಕಿನಲ್ಲಿ ಹರಿಯುತ್ತವೆ. ಮೂರನೆಯ ದಿನ ಸಂಜೆ ಶಿಷ್ಯನು ನಮ್ಮನ್ನು ಅಂತಹದೊಂದು ಕವಲಿನ ದಡಕ್ಕೆ ಕರೆದೊಯ್ದನು. ನಾಲೆಯ ದಾರಿಯಂತಹ ಸುಖವಾದ ದಾರಿ ಬೇರೊಂದಿಲ್ಲ: ಏರಿಲ್ಲ, ಇಳಿವಿಲ್ಲ; ಪಕ್ಕದಲ್ಲಿ ನೀರಿನ ತಂಪು; ತೆಂಗು ಅಡಕೆಗಳ ನೆರಳು. ಆ ಸುಖದಲ್ಲಿ ಮೈಮರೆತು ನಾವು ಕಾಳಿಯ ಹಗ್ಗವನ್ನು ಕೈಬಿಟ್ಟೆವು. ಶಿಷ್ಯನು ಹಿಂದೆ ಯಾರೊಡನೆಯೋ ಮಾತನಾಡುತ್ತ ನಿಂತಿದ್ದನು. ಕಾಳಿ ನೀರು ಕುಡಿಯಲು ಇಳಿದಳು, ಪಾಚಿಗಟ್ಟಿದ ಸಿಮೆಂಟಿನ ಇಳಿಜಾರು, ಕಾಲು ಜಾರಿತು.

ನಾಯಿಗೆ ಈಜು ಹುಟ್ಟುವಿದ್ಯೆ; ಆದರೆ ನಾಲೆ ಕೆರೆಯಲ್ಲ. ದಡಕ್ಕೆ ಬಂದು ಮುಂಗಾಲನ್ನು ಊರುವಳು. ಉಗುರಿಗೆ ಹಿಡಿತವಿಲ್ಲದೆ ಮತ್ತೆ ಜಾರುವಳು. ನೀರಿನ ಸೆಳವು ಮುಂದಕ್ಕೆ ಒಯ್ಯುವುದು. ಹೀಗೆ ಮೂರು ಸಲ, ನಾಲ್ಕು ಸಲ. ಪ್ರತಿಸಲವೂ ಅವಳ ತಲೆ ಇನ್ನಷ್ಟು ತಗ್ಗಿನಲ್ಲಿ ಕಾಣುತ್ತಿತ್ತು. ನಾವು ದಡದ ಮೇಲೆ ಓಡುತ್ತ "ಕಾಳೀ, ಕಾಳೀ" ಎಂದು ಕೂಗಿದೆವು, ಅಷ್ಟೆ. ನಮಗೆ ಈಜು ಬಾರದೆಂಬುದು ನಿಜ. ಅದಕ್ಕಿಂತ ನಾಚಿಕೆಗೇಡಿನ ನಿಜವನ್ನೂ ಮುಚ್ಚಿಡಲಾರೆವು. ಸ್ವಲ್ಪ ಮುಂದೆ ಬಟ್ಟೆ ಒಗೆಯುವ ಮೆಟ್ಟಿಲುಗಳಿದ್ದವು. ಅಲ್ಲಿಗಿಳಿದು ಅವಳನ್ನು ಎತ್ತಿಕೊಳ್ಳಬಹುದಾಗಿತ್ತು. ಒಂದು ಕ್ಷಣ, ಸಾಯಂಸಂಧ್ಯೆಗೆಂದು ಆಗತಾನೆ ಮಿಂದು ಉಟ್ಟಿದ್ದ ಪಂಚೆಯ ನೆನಪು ನಮ್ಮ ಕಾಲನ್ನು ಹಿಡಿಯಿತು.

ಆ ಒಂದು ಕ್ಷಣದಲ್ಲಿ ಎದುರಿನಿಂದ ಬಂದ ವೃದ್ಧರೊಬ್ಬರು ನಮ್ಮನ್ನು ದಾಟಿ ಮೆಟ್ಟಿಲಿಳಿದರು. ತೊಳೆದ ಬಿಳಿಯ ಉಡುಪು, ತಲೆಯ ಮೇಲೆ ಟೋಪಿ. ಮಸೀದಿಗೆ ಹೊರಟವರೆಂದು ನೋಡಿದೊಡನೆ ತಿಳಿಯುವಂತಿತ್ತು. ಅವರು ಮೊಣಕಾಲುದ್ದದ ನೀರಿನಲ್ಲಿ ನಿಂತು, ಒಂದು ಕೈಯಲ್ಲಿ ಮೆಟ್ಟಿಲನ್ನು ಹಿಡಿದು, ತೇಲಿಬರುತ್ತಿದ್ದ ಹಗ್ಗದ ತುದಿಯನ್ನು ಇನ್ನೊಂದು ಕೈಯಿಂದ ಸೆಳೆದು, ಕಾಳಿಯನ್ನು ಎದೆಗವಚಿ ಎತ್ತಿದರು. ಅವಳು ಅವರ ಭುಜ, ಗಡ್ಡಗಳನ್ನೆಲ್ಲ ನೆಕ್ಕಿದಳು. ಆಮೇಲೆ ಮೈಯೊದರಿ ಉಳಿದ ಬಟ್ಟೆಯನ್ನೂ ತೋಯಿಸಿದಳು.

ನಮ್ಮ ಮನೆಯ ಮಡಿಯಂತೆಯೇ ಅವರಲ್ಲಿಯೂ ನಾಯಿಯ ಜೊಲ್ಲು ತಾಗಿದರೆ ತೊಳೆದು ಶುದ್ಧವಾಗದೆ ಪ್ರಾರ್ಥನೆ ಇಲ್ಲವೆಂಬುದನ್ನು ನಾವು ಬಲ್ಲೆವು. "ನಮ್ಮಿಂದ ನಿಮ್ಮ ನಮಾಜಿಗೆ ಅಡ್ಡಿಯಾಯಿತು" ಎಂದೆವು. ಅವರು ಗಡ್ಡದ ನೀರನ್ನು ಹಿಂಡುತ್ತ, "ಬಟ್ಟೆ ತೊಳೆದರೆ ಆಯ್ತು, ಮೇಷ್ಟ್ರೇ. ಜೀವ ಹೋದ ಮೇಲೆ ಏನು ತೊಳೀತೀರಿ?" ಎಂದರು. ಬಳಿಕ, ಬಾಯಾರಿದ ನಾಯಿಗೆ ಬಾವಿಗಿಳಿದು ಕೆರದಲ್ಲಿ ನೀರು ತಂದು ಕುಡಿಸಿದ ಒಬ್ಬನ ಪಾಪವನ್ನು ದೇವರು ಮನ್ನಿಸಿದನೆಂದು ಪೈಗಂಬರರು ಹೇಳಿದ ಕಥೆಯನ್ನು ಹೇಳಿ, ಬಟ್ಟೆ ಬದಲಿಸಲು ಮನೆಯ ಕಡೆಗೆ ನಡೆದರು. ಓಡಿಬಂದ ಶಿಷ್ಯನು, "ಚಾಚಾ, ನಿಲ್ಲಿ, ಕಾರಿನಲ್ಲಿ ಬಿಡುತ್ತೇನೆ" ಎಂದರೆ, "ಒದ್ದೆ ಮೈಯಲ್ಲಿ ನಿನ್ನ ಗಾಡಿ ಯಾಕೆ ಕೆಡಿಸಲಿ?" ಎಂದು ನಕ್ಕರು.

ಧರ್ಮರಾಜನ ಕಥೆಯನ್ನು ಬಲ್ಲವರು ದಡದಲ್ಲಿ ನಿಂತಿದ್ದೆವು. ಕಥೆಯನ್ನು ನಡೆಸಿದವರು ನೀರಿಗಿಳಿದಿದ್ದರು. ಅವರ ಆಚಾರವೇನೂ ನಮ್ಮದಕ್ಕಿಂತ ಸಡಿಲವಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಮಾತ್ರ ಅವರಿಗೆ ತಿಳಿದಿತ್ತು.

ನಾಯಿಯೊಡನೆ ಹಳ್ಳಿಗಾಡಿನ ಸಂಚಾರಕ್ಕೆ ಹೊರಡುವ ಗೃಹಸ್ಥರಿಗೆ ನಮ್ಮ ಅನುಭವದಿಂದ ನಾಲ್ಕು ಮಾತು ಹೇಳಬಹುದು. ನಾಲೆಯ ದಡದಲ್ಲಿ ಹಗ್ಗವನ್ನು ಎಂದಿಗೂ ಬಿಡಬಾರದು. ಮೆಟ್ಟಿಲು ಎಲ್ಲಿದೆಯೆಂದು ಮೊದಲೇ ನೋಡಿಟ್ಟುಕೊಳ್ಳಬೇಕು. ಕುಡಿಯುವ ನೀರನ್ನೂ ಒಂದು ತಟ್ಟೆಯನ್ನೂ ಜೊತೆಯಲ್ಲಿ ಒಯ್ಯಬೇಕು. ಔಷಧಿ ಹೊಡೆದ ಗದ್ದೆಯ ನೀರು ನಾಯಿಗೆ ವಿಷ. ಹಿಂದಿರುಗಿದ ಮೇಲೆ ಕಿವಿ, ಬೆರಳ ಸಂದುಗಳಲ್ಲಿ ಉಣ್ಣೆ ಹತ್ತಿದೆಯೇ ಎಂದು ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪಶುವೈದ್ಯರಲ್ಲಿ ಹುಚ್ಚುನಾಯಿ ರೋಗದ ಲಸಿಕೆಯನ್ನು ಕಾಲಕಾಲಕ್ಕೆ ಹಾಕಿಸಿರಬೇಕು. ಪಾಶ್ಚರ್ ಮಹಾಶಯನು 1885ರಲ್ಲಿ ಒಬ್ಬ ಬಾಲಕನಿಗೆ ಮೊದಲು ಚುಚ್ಚಿದ ಆ ಮದ್ದಿನ ಸಂತತಿಯೇ ಇಂದಿಗೂ ನಮ್ಮನ್ನು ಕಾಯುತ್ತಿರುವುದು. ಯಾವ ನಾಯಿಯೇ ಕಚ್ಚಲಿ, ಗಾಯವನ್ನು ಕಾಲುಗಂಟೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ರೋಗ ಕಾಣಿಸಿಕೊಂಡ ಮೇಲೆ ಮದ್ದಿಲ್ಲ.

ಮಾರನೆಯ ಬೆಳಗ್ಗೆ ಹೊರಡುವ ಮುನ್ನ ಆ ಹಿರಿಯರ ಮನೆಗೆ ಹೋದೆವು. ಕಾಳಿಯನ್ನು ಬೀದಿಯಲ್ಲಿಯೇ ಶಿಷ್ಯನ ಕೈಗೆ ಕೊಟ್ಟು ಬಾಗಿಲಲ್ಲಿ ನಿಂತೆವು. ಅವರ ಮನೆಯ ಕಟ್ಟಳೆಯನ್ನು ಕಾಯುವುದು ಈಗ ನಮ್ಮ ಸರದಿ. ಅವರು ಚಹಾ ಕೊಟ್ಟು, ತಾವೇ ಹೊರಗೆ ಬಂದು ಕಾಳಿಗೊಂದು ರೊಟ್ಟಿಯ ತುಂಡು ಹಾಕಿದರು.

ಮನೆಗೆ ಬಂದ ರಾತ್ರಿ ಚಳಿ ಹೆಚ್ಚಾಗಿತ್ತು. ಕಾಳಿ ಎಂದಿನಂತೆ ಹೊರಜಗಲಿಯ ಕಡೆಗೆ ಹೊರಟಳು. ನಾವು ಅವಳ ಗೋಣಿಚೀಲವನ್ನು ತಂದು ಪಡಸಾಲೆಯ ಮೂಲೆಯಲ್ಲಿ ಹಾಸಿದೆವು. ಅವಳು ಹೊಸ್ತಿಲ ಬಳಿ ನಿಂತು ನಮ್ಮ ಮುಖವನ್ನು ನೋಡಿದಳು. ಆ ಗೆರೆಯ ಪಾಠವನ್ನು ಕಲಿಸಿದವರು ನಾವೇ ಅಲ್ಲವೆ? ಎರಡು ಸಲ ಕರೆದಮೇಲೆ ದಾಟಿ ಬಂದಳು. ನಮ್ಮ ಮನೆಯವರು ಏನೂ ಹೇಳಲಿಲ್ಲ. ಒಳಗಿನಿಂದ ಒಂದು ಹಳೆಯ ಕಂಬಳಿಯನ್ನು ತಂದು ಅವಳ ಮೇಲೆ ಹೊದಿಸಿದರು.